ಹಳೆ ಕಲ್ಲುಗೋಡೆಗೆ ಹಳಿ ಹಾಕೋಣ

(ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಲ್ಲಿ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತಿನ ಬರಹ. ಹಲವರು ಕೇಳಿದ್ದರಿಂದ ಇಲ್ಲಿ ಹಾಕುತ್ತಿದ್ದೇವೆ. ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ನಿಮ್ಮೂರಿನ ಗುಂಪಿಗೂ ಕಳಿಸಿ.)





ಇಂಥ ಸಭೆ ಅಂದರೆ ಶಾಲೆಗೆ ಶಿಕ್ಷಕರಿಲ್ಲ, ಪುಸ್ತಕ ತಡವಾಗಿ ಬರ್ತವೆ, ಬೋರ್ಡಿನಲ್ಲಿ ಕನ್ನಡ ಇಲ್ಲ ಅನ್ನೋ ಮಾತು ನಡೀಬೇಕು. ನಡೀಲಿ, ಅವು ಯಾವುವೂ ಇನ್ನೂ ಬಗೆಹರಿದಿಲ್ಲ. ಆದರೆ ಇವತ್ತು ನಾನು ಬೇರೆ ವಿಷಯ ಹಿಡಿದು ಬಂದಿದ್ದೀನಿ. ನಮ್ಮ ಕನ್ನಡ ಯಾವ ಗೋಡೆಗಳ ಒಳಗೆ ಉಳಿದಿದೆಯೋ, ಆ ಗೋಡೆಗಳ ವಿಷಯ. ನಮ್ಮ ಹಳೆ ಶಾಲೆ, ಹಳೆ ಮಠ, ಹಳೆ ವಾಡೆ, ಊರಿನ ಗುಡಿ, ಓದುವ ಕೋಣೆ. ಇವೆಲ್ಲ ಬಹುತೇಕ ಕಲ್ಲಿನ ಕಟ್ಟಡಗಳು. ಭೂಕಂಪ ಬಂದರೆ ಇವುಗಳ ಗತಿ ಏನು, ಇವುಗಳ ಒಳಗೆ ಕೂತ ನಮ್ಮ ಮಕ್ಕಳ ಗತಿ ಏನು, ನಾವು ಮಾಡಬಹುದಾದದ್ದು ಏನು, ಇಷ್ಟೇ ಇವತ್ತಿನ ಮಾತು.

ನಾನು ಎಂಜಿನಿಯರ್ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ಹಾಗಾಗಿ ಲೆಕ್ಕ ನನ್ನದು, ಎಂಜಿನಿಯರಿಂಗ್ ಬಲ್ಲವರದು. ಐಐಟಿ ಕಾನ್ಪುರದ ಭೂಕಂಪ ಎಂಜಿನಿಯರಿಂಗ್ ಮಾಹಿತಿ ಕೇಂದ್ರದವರು ಪ್ರೊ. ಸಿ.ವಿ.ಆರ್. ಮೂರ್ತಿ ಬರೆದ ಎರಡೆರಡು ಪುಟದ ಪಾಠಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. 'ಅರ್ತ್‌ಕ್ವೇಕ್ ಟಿಪ್ಸ್' ಅಂತ ಅದರ ಹೆಸರು. ಅದರಲ್ಲಿ 16ನೆಯದು ಕಲ್ಲಿನ ಕಟ್ಟಡದ್ದು. ಕಾಮರ್ಸ್ ಓದಿದ ನನಗೆ ತಿಳಿದಿದೆ ಅಂದ ಮೇಲೆ ನಿಮಗೂ ತಿಳಿಯುತ್ತೆ.

ಮೊದಲು ನಮ್ಮ ಮಗ್ಗುಲಲ್ಲೇ ನಡೆದದ್ದನ್ನು ನೆನಪು ಮಾಡಿಕೊಳ್ಳೋಣ.

1993ರ ಸೆಪ್ಟೆಂಬರ್ 30. ಇಲ್ಲಿ ಕೂತವರಲ್ಲಿ ಬಹಳ ಜನ ಆಗ ಹುಟ್ಟಿರಲಿಲ್ಲ. ಹುಟ್ಟಿದವರು ಎಳೆ ಮಕ್ಕಳು. ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದ ರಾತ್ರಿ ಅದು. ನಸುಕಿನ 3 ಗಂಟೆ 56 ನಿಮಿಷದ ಸುಮಾರಿಗೆ ಲಾತೂರು ಜಿಲ್ಲೆಯ ಕಿಲ್ಲಾರಿ ಹತ್ತಿರ ನೆಲ ನಡುಗಿತು. ಪ್ರಮಾಣ 6.2. ನಡುಗಿದ್ದು ಕೆಲವು ಸೆಕೆಂಡು ಮಾತ್ರ. ಬೆಳಗಾಗೋದರೊಳಗೆ ಕಿಲ್ಲಾರಿ, ಸಾಸ್ತೂರಿನಂಥ ಊರುಗಳು ಕಲ್ಲಿನ ರಾಶಿ ಆಗಿದ್ದವು. ಸತ್ತವರು ಎಂಟರಿಂದ ಹತ್ತು ಸಾವಿರ. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ 52 ಹಳ್ಳಿಗಳನ್ನು ಆಮೇಲೆ ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯ್ತು.

ಅಕ್ಕಲಕೋಟದಿಂದ ಕಿಲ್ಲಾರಿಗೆ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರ್. ಆಳಂದದಿಂದ ಇನ್ನೂ ಹತ್ತಿರ. ಉಮರ್ಗಾ ಕಡೆಯ ಕನ್ನಡ ಮಾತಾಡುವ ಮನೆಗಳಿಗಂತೂ ಅದು ಪಕ್ಕದ ಊರಿನ ಮಾತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಪ್ರತಿಯೊಬ್ಬರ ಹತ್ತಿರ ಆ ರಾತ್ರಿಯ ಒಂದು ಕತೆ ಇದೆ.

ಈಗ ಒಂದು ಪ್ರಶ್ನೆ. 6.2 ಅನ್ನೋದು ಜಗತ್ತಿನ ಲೆಕ್ಕದಲ್ಲಿ ಬಹಳ ದೊಡ್ಡ ಭೂಕಂಪ ಅಲ್ಲ. ಇಂಥವು ವರ್ಷಕ್ಕೆ ಹಲವು ಸಲ ಎಲ್ಲಾದರೂ ಆಗ್ತಾನೇ ಇರ್ತವೆ. ಕಟ್ಟಡ ಗಟ್ಟಿ ಇರುವ ದೇಶಗಳಲ್ಲಿ ಇಷ್ಟಕ್ಕೆ ಇಷ್ಟು ಸಾವು ಆಗೋದಿಲ್ಲ. ಇಲ್ಲಿ ಯಾಕಾಯ್ತು? ಒಂದು, ಆಳ ಕಡಿಮೆ ಇತ್ತು, ಊರುಗಳ ಬುಡದಲ್ಲೇ ಆಯ್ತು. ಎರಡು, ರಾತ್ರಿ, ಎಲ್ಲರೂ ಒಳಗೆ ಮಲಗಿದ್ದರು. ಮೂರನೇದೇ ದೊಡ್ಡದು: ನಮ್ಮ ಮನೆಗಳು ಕಟ್ಟಿದ ರೀತಿ.

ಆ ರೀತಿ ನಿಮಗೆ ಗೊತ್ತು. ನಮ್ಮ ಕಡೆಯ ಮಾಳಿಗಿ ಮನೆಯೇ ಅದು. ಎರಡು ಅಡಿಯಿಂದ ನಾಲ್ಕು ಅಡಿ ದಪ್ಪದ ಗೋಡೆ. ಹೊರಗಿನಿಂದ ನೋಡಿದರೆ ಕೋಟೆ. ಆದರೆ ಒಳಗೆ ಏನಿದೆ? ಹೊರಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಅಂದರೆ ಅದು ಒಂದು ಗೋಡೆ ಅಲ್ಲವೇ ಅಲ್ಲ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳು ಗೋಡೆ. ಅವೆರಡನ್ನೂ ಹಿಡಿದು ನಿಲ್ಲಿಸುವ ಉದ್ದ ಕಲ್ಲು, ಈ ಮುಖದಿಂದ ಆ ಮುಖಕ್ಕೆ ಮುಟ್ಟುವಂಥದ್ದು, ಬಹಳ ಮನೆಗಳಲ್ಲಿ ಹಾಕೇ ಇರಲಿಲ್ಲ. ಎಂಜಿನಿಯರುಗಳು ಅದಕ್ಕೆ ಥ್ರೂ ಸ್ಟೋನ್ ಅಂತಾರೆ. ಉದ್ದ ಕಲ್ಲು ಸಿಗೋದು ಕಷ್ಟ, ಕಡಿಯೋದಕ್ಕೆ ಕೂಲಿ ಜಾಸ್ತಿ. ಗೌಂಡಿ ಬಿಟ್ಟ, ಮನೆಯವರು ಕೇಳಲಿಲ್ಲ.

ಇಂಥ ಗೋಡೆ ಮೇಲಿನಿಂದ ಬರುವ ಭಾರವನ್ನು ನೂರು ವರ್ಷ ಹೊರುತ್ತೆ, ಅದರಲ್ಲಿ ಸಂಶಯ ಇಲ್ಲ. ಭೂಕಂಪ ಮೇಲಿನಿಂದ ಒತ್ತೋದಿಲ್ಲ, ಅಡ್ಡಡ್ಡ ಅಲ್ಲಾಡಿಸುತ್ತೆ. ಆಗ ಒಳಸಾಲು ಒಳಕ್ಕೆ, ಹೊರಸಾಲು ಹೊರಕ್ಕೆ ಬಿಚ್ಚಿಕೊಳ್ಳುತ್ತೆ. ಮೂಲೆಯಲ್ಲಿ ಎರಡು ಗೋಡೆ ಒಂದಕ್ಕೊಂದು ಹೆಣೆದಿರದಿದ್ದರೆ ಮೂಲೆ ಸೀಳುತ್ತೆ. ಗೋಡೆ ಹೋದ ಮೇಲೆ ಮೇಲಿದ್ದ ಮಾಳಿಗೆ ಕೆಳಗೆ.

ಮಾಳಿಗೆಯ ಭಾರ ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ. 10 ಅಡಿ ಅಗಲ, 15 ಅಡಿ ಉದ್ದದ ಒಂದು ಕೋಣೆ. ಜಂತಿ, ಹಲಗೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದಿ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರಬಾರದು ಅಂತ ಅಜ್ಜ ಒಂದು ಪದರ ಹಾಕಿದ, ಅಪ್ಪ ಒಂದು ಪದರ ಹಾಕಿದ, ಹೀಗೇ ಎರಡು ಅಡಿ ದಪ್ಪ ಆಯ್ತು ಅಂತ ಇಟ್ಟುಕೊಳ್ಳಿ. 300 ಘನ ಅಡಿ ಮಣ್ಣು. ಒಣಗಿದ್ದರೂ 13 ಟನ್ನಿಗಿಂತ ಹೆಚ್ಚು. ನೆನೆದರೆ ಇನ್ನೂ ಜಾಸ್ತಿ. ಒಂದು ಲಾರಿ ಭರ್ತಿ ಮಣ್ಣು ತಲೆ ಮೇಲೆ ಇಟ್ಟುಕೊಂಡು ನಾವು ರಾತ್ರಿ ಮಲಗ್ತೀವಿ. ನೆಲ ಅಲ್ಲಾಡಿದಾಗ ಗೋಡೆಯ ಮೇಲೆ ಬೀಳುವ ಜಗ್ಗಾಟವೂ ಈ ಭಾರಕ್ಕೆ ತಕ್ಕ ಹಾಗೆ ಏರುತ್ತೆ. ಬಿಸಿಲಿಗೆ ತಂಪು ಅಂತ ಹಾಕಿದ ಮಣ್ಣು, ಅಲ್ಲಿ ಕಿಲ್ಲಾರಿಯಲ್ಲಿ ಮಲಗಿದವರ ಉಸಿರು ಕಟ್ಟಿಸಿತು.

ಈ ಕತೆಯಲ್ಲಿ ನಾವು ಮರೆಯಬಾರದ ಇನ್ನೊಂದು ಭಾಗ ಇದೆ. ಅದೇ ಊರುಗಳಲ್ಲಿ ಕೆಲವು ಮಾಳಿಗಿ ಮನೆಗಳಲ್ಲಿ ಗೋಡೆ ಹೊರಕ್ಕೆ ಬಿದ್ದರೂ ಮಾಳಿಗೆ ಬೀಳಲಿಲ್ಲ. ಒಳಗಿದ್ದವರು ಬದುಕಿದರು. ಯಾಕಂದರೆ ಅಲ್ಲಿ ಮಾಳಿಗೆಯನ್ನು ಹೊತ್ತದ್ದು ಗೋಡೆ ಆಗಿರಲಿಲ್ಲ. ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಎರಡು ಕಂಬದ ನಡುವಿನ ಜಾಗಕ್ಕೆ ಮರಾಠಿಯಲ್ಲಿ ಖಣ ಅಂತಾರೆ, ನಾವು ಅಂಕಣ ಅಂತೀವಿ. 'ಎಷ್ಟು ಅಂಕಣದ ಮನಿ' ಅಂತ ನಮ್ಮ ಹಿರಿಯರು ಅಳೆಯುತ್ತಿದ್ದದ್ದೇ ಅದನ್ನು. ಕಂಬ ತೊಲೆ ಸರಿಯಾಗಿ ಕೂಡಿಸಿದ್ದ ಕಡೆ ಆ ಅಂಕಣ ಕುಲುಕಿತು, ವಾಲಿತು, ಆದರೆ ನಿಂತಿತು. ಹಳೆಯ ಕಟ್ಟುವಿಕೆಯಲ್ಲಿ ಕೊಲ್ಲುವುದೂ ಇತ್ತು, ಕಾಯುವುದೂ ಇತ್ತು. ಯಾವುದು ಯಾವುದು ಅಂತ ಗುರುತಿಸೋದು ನಮ್ಮ ಕೆಲಸ.

ಆದರೆ ಆಮೇಲೆ ಏನಾಯ್ತು? ಜನರ ಮನಸ್ಸಿನಲ್ಲಿ ಒಂದೇ ಮಾತು ಉಳೀತು: 'ಕಲ್ಲಿನ ಮನಿ ಬ್ಯಾಡ.' ಭಯ ಸಹಜ, ಅದನ್ನು ಆಡಿಕೊಳ್ಳೋದು ತಪ್ಪು. ಆದರೆ ಆ ಭಯದ ಹೆಸರಲ್ಲಿ ಮೂವತ್ತು ವರ್ಷದಿಂದ ಎರಡು ಕೆಟ್ಟ ಕೆಲಸ ನಡೆದಿವೆ. ಒಂದು, ಹಳೆಯದನ್ನೆಲ್ಲ ಕೆಡವೋದು. ಎರಡು, ಕೆಡವೋದಕ್ಕೆ ದುಡ್ಡಿಲ್ಲದ ಕಡೆ ಹಾಗೇ ಬಿಟ್ಟುಬಿಡೋದು. ಮೂರನೇ ದಾರಿ ಒಂದಿದೆ, ಗಟ್ಟಿ ಮಾಡೋದು. ಅದರ ಬಗ್ಗೆ ಯಾರೂ ಮಾತಾಡೋದಿಲ್ಲ.

ಆ ದಾರಿ ಹೊಸದೇನಲ್ಲ. ಕಿಲ್ಲಾರಿ ಭೂಕಂಪ ಆದ ಮೇಲೆ ಮಹಾರಾಷ್ಟ್ರ ಸರಕಾರ ವಿಶ್ವಬ್ಯಾಂಕಿನ ಸಾಲ ತಗೊಂಡು ಪುನರ್ವಸತಿ ಕಾರ್ಯಕ್ರಮ ನಡೆಸಿತು. ಅದರಲ್ಲಿ ಹೊಸ ಮನೆ ಕಟ್ಟಿಕೊಡುವ ಕೆಲಸದ ಜೊತೆಗೆ, ನಿಂತಿದ್ದ ಲಕ್ಷಕ್ಕೂ ಹೆಚ್ಚು ಮನೆಗಳನ್ನು ರಿಪೇರಿ ಮಾಡಿ ಗಟ್ಟಿ ಮಾಡುವ ಯೋಜನೆಯೂ ಇತ್ತು. ಬಿದ್ದ ಊರುಗಳ ಹೆಸರು ಎಲ್ಲರಿಗೂ ನೆನಪಿದೆ, ಗಟ್ಟಿ ಮಾಡಿದ ಗೋಡೆ ಯಾರಿಗೂ ನೆನಪಿಲ್ಲ.

ಈಗ ಕನ್ನಡದ ಮಾತಿಗೆ ಬರ್ತೀನಿ. ಇದು ನಮ್ಮ ಹೋರಾಟಕ್ಕೆ ಯಾಕೆ ಸೇರಿದ್ದು?

ನಮ್ಮ ಕನ್ನಡ ಮಾಧ್ಯಮದ ಎಷ್ಟೋ ಶಾಲೆಗಳು ಹಳೆ ಕಲ್ಲಿನ ಕಟ್ಟಡದಲ್ಲಿವೆ. ಗೋಡೆ ಸೀಳಿದೆ, ಮಳೆಗಾಲಕ್ಕೆ ಸೋರುತ್ತೆ, ಯಾರೂ ನೋಡೋದಿಲ್ಲ. ಒಂದು ದಿನ 'ಕಟ್ಟಡ ಅಪಾಯಕಾರಿ' ಅಂತ ಒಂದು ಕಾಗದ ಬರುತ್ತೆ. ಕಾಗದ ತಪ್ಪು ಅಂತ ಹೇಳೋಕಾಗಲ್ಲ, ಗೋಡೆ ನಿಜವಾಗಲೂ ಕೆಟ್ಟಿರುತ್ತೆ. ನನಗೆ ಗೊತ್ತಿರುವ ಒಂದು ಊರಿನಲ್ಲಿ ಹೀಗೇ ಆಯ್ತು, ಹೆಸರು ಬೇಡ. ಮಕ್ಕಳನ್ನು 'ತಾತ್ಪೂರ್ತಿಕ' ಅಂತ ಪಕ್ಕದ ಮರಾಠಿ ಶಾಲೆಯ ಒಂದು ಕೋಣೆಗೆ ಕಳಿಸಿದರು. ಮೊದಲ ವರ್ಷ ಕನ್ನಡದ ಗುರುಗಳು ಅಲ್ಲಿಗೇ ಹೋಗಿ ಕಲಿಸಿದರು. ಎರಡನೇ ವರ್ಷ ಕೆಲವು ತಾಯಂದಿರು 'ಹೆಂಗಿದ್ರೂ ಅಲ್ಲೇ ಕುಂದರ್ತಾವ, ಮರಾಠಿಯೊಳಗೇ ಹಾಕ್ರಿ' ಅಂದರು. ಪಟ ಸಂಖ್ಯೆ ಇಳೀತು. ಪಟ ಸಂಖ್ಯೆ ಇಳಿದ ಶಾಲೆಗೆ ಮುಂದೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಯಾರೂ ಕನ್ನಡ ಮುಚ್ಚಿ ಅಂತ ಆದೇಶ ಮಾಡಲಿಲ್ಲ. ಮಾಳಿಗೆ ಸೋರಿತು, ಅಷ್ಟೇ.

ಸಂವಿಧಾನದ 350ಎ ವಿಧಿ ನಮ್ಮ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅನ್ನುತ್ತೆ. ನಾವು ಅದನ್ನು ಪ್ರತಿ ಮನವಿಯಲ್ಲೂ ಬರೀತೀವಿ, ಬರೀಲೇಬೇಕು. ಆದರೆ ಆ ವಿಧಿ ಬಂದು ಗೋಡೆ ಹಿಡಿದು ನಿಲ್ಲೋದಿಲ್ಲ.

ಇನ್ನೊಂದು ನಷ್ಟ ಇದೆ. ಸೊಲ್ಲಾಪುರ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಕನ್ನಡ ಶಾಸನಗಳಿವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಅವನ್ನು ಕಲೆಹಾಕಿ ಒಂದು ಸಂಪುಟವನ್ನೇ ಮಾಡಿದ್ದಾರೆ. ಇಂಥ ಕಲ್ಲುಗಳು ಗುಡಿಯ ಗೋಡೆಯಲ್ಲಿ, ವಾಡೆಯ ಪಾಯದಲ್ಲಿ, ಬಾಗಿಲ ಮೆಟ್ಟಿಲಲ್ಲಿ ಸೇರಿಕೊಂಡಿರ್ತವೆ. ಜೆಸಿಬಿ ಬಂದು ಕೆಡವಿದ ದಿನ ಅವು ಕಲ್ಲಿನ ಲೋಡಿನ ಜೊತೆ ಹೋಗ್ತವೆ. ಈ ನೆಲದಲ್ಲಿ ಕನ್ನಡ ಎಷ್ಟು ಹಳೆಯದು ಅನ್ನೋದಕ್ಕೆ ನಮ್ಮ ಹತ್ತಿರ ಇರುವ ಸಾಕ್ಷಿಯೇ ಆ ಕಲ್ಲು.

ಸರಿ, ಗಟ್ಟಿ ಮಾಡೋದು ಹೇಗೆ?

ಚಕ್ಕಡಿಯ ಗಾಲಿ ನೆನಪು ಮಾಡಿಕೊಳ್ಳಿ. ಕಟ್ಟಿಗೆಯ ತುಂಡುಗಳು, ಅರಗಳು, ನಡುವೆ ಗುಂಬ. ಒಂದೊಂದೂ ಬಿಡಿ ತುಂಡು. ಕಮ್ಮಾರ ಕಬ್ಬಿಣದ ಹಳಿ ಕಾಯಿಸಿ ಮೇಲೆ ಹಾಕಿ ನೀರು ಸುರಿದಾಗ ಅದು ಬಿಗಿದುಕೊಳ್ಳುತ್ತೆ. ಆಮೇಲೆ ಆ ಬಿಡಿ ತುಂಡುಗಳೆಲ್ಲ ಒಂದೇ ಗಾಲಿ. ಕಲ್ಲು ದಾರಿಯಲ್ಲಿ ಎಷ್ಟು ಕುಲುಕಿದರೂ ಬಿಚ್ಚೋದಿಲ್ಲ. ಹಳೆ ಕಟ್ಟಡಕ್ಕೆ ಬೇಕಾದದ್ದೂ ಅದೇ. ನಾಲ್ಕು ಗೋಡೆ ನಾಲ್ಕು ದಿಕ್ಕಿಗೆ ಬೀಳದೆ ಒಂದು ಪೆಟ್ಟಿಗೆಯ ಹಾಗೆ ಒಟ್ಟಿಗೆ ಅಲ್ಲಾಡಬೇಕು. ಎಲ್ಲ ಕೆಲಸದ ಗುಟ್ಟು ಇಷ್ಟೇ. ಒಂದೊಂದಾಗಿ ಹೇಳ್ತೀನಿ.

ಒಂದು, ನೀರು ನಿಲ್ಲಿಸಿ. ಮಣ್ಣಿನ ಗಾರೆಯ ಗೋಡೆಗೆ ನೀರೇ ಮೊದಲ ವೈರಿ. ಮಾಳಿಗೆಯಿಂದ ನೀರು ಗೋಡೆಯ ಹೊಟ್ಟೆಗೆ ಇಳಿದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತೆ, ಕಲ್ಲು ಸಡಿಲ ಆಗ್ತವೆ, ಗೋಡೆ ಹೊಟ್ಟೆ ಬಿಡುತ್ತೆ. ದೋಣಿ ಸರಿ ಮಾಡೋದು, ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಮಾಡೋದು, ಗೋಡೆ ಮೇಲೆ ಬೆಳೆದ ಆಲ, ಅರಳಿ ಸಸಿ ಎಳೆಯದಿರುವಾಗಲೇ ತೆಗೆಯೋದು. ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಮನಸ್ಸು ಬೇಕು.

ಎರಡು, ತಲೆಭಾರ ಇಳಿಸಿ. ಎರಡು ಅಡಿ ಮೇಲ್ಮುದ್ದಿಯನ್ನು ಎಂಟು ಇಂಚಿಗೆ ಇಳಿಸಿ, ನಡುವೆ ನೀರು ಇಳಿಯದ ಹಾಳೆ ಹಾಸಿದರೆ ನಾನು ಆಗ ಹೇಳಿದ ಕೋಣೆಯ ಮೇಲಿನ ಭಾರ 13 ಟನ್ನಿನಿಂದ ನಾಲ್ಕೂವರೆ ಟನ್ನಿನ ಸುಮಾರಿಗೆ ಬರುತ್ತೆ. ಮೂರರಲ್ಲಿ ಎರಡು ಪಾಲು ಭಾರ ಕಡಿಮೆ. ತಂಪೂ ಉಳಿಯುತ್ತೆ. ತೆಗೆಯುವಾಗ ಎಲ್ಲ ಕಡೆಯಿಂದ ಸಮನಾಗಿ ತೆಗೀಬೇಕು, ಒಂದೇ ಕಡೆ ರಾಶಿ ಹಾಕಬಾರದು.

ಮೂರು, ಗೋಡೆಯ ಎರಡು ಮುಖಗಳನ್ನು ಹೊಲಿಯಿರಿ. ಸುಮಾರು ಒಂದೊಂದು ಮೀಟರ್ ಅಂತರದಲ್ಲಿ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಜಾಗ ಬದಲಿಸಿ, ಒಂದೆರಡು ಕಲ್ಲು ಮೆಲ್ಲಗೆ ಬಿಡಿಸಿ ಆರಪಾರ ತೂತು ಮಾಡ್ತಾರೆ. ಎರಡೂ ತುದಿ ಬಗ್ಗಿಸಿದ ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟ್ ತುಂಬ್ತಾರೆ. ಹಿಂದೆ ಹಾಕದೇ ಬಿಟ್ಟ ಉದ್ದ ಕಲ್ಲಿನ ಜಾಗಕ್ಕೆ ಇದು. ಸುತ್ತಿಗೆಯಿಂದ ಬಡಿದು ತೂತು ಮಾಡಿದರೆ ಗೋಡೆಯೇ ಸಡಿಲ ಆಗುತ್ತೆ, ಆದ್ದರಿಂದ ತಾಳ್ಮೆ ಇರುವ ಗೌಂಡಿ ಬೇಕು. ಹೊಸ ಕಲ್ಲುಗೋಡೆ ಕಟ್ಟುವವರು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಒಂದು ಉದ್ದ ಕಲ್ಲು ಹಾಕಿಸಲೇಬೇಕು. ಗೋಡೆಯ ದಪ್ಪ ಒಂದೂವರೆ ಅಡಿ ದಾಟಬಾರದು. ದಪ್ಪ ಇದ್ದಷ್ಟೂ ಗಟ್ಟಿ ಅನ್ನೋದು ನಮ್ಮ ಕಡೆಯ ದೊಡ್ಡ ತಪ್ಪು ತಿಳಿವಳಿಕೆ.

ನಾಲ್ಕು, ಹಳಿ ಹಾಕಿ. ಬಾಗಿಲು ಕಿಟಕಿಯ ಮೇಲ್ಮಟ್ಟದಲ್ಲಿ ಮತ್ತು ಮಾಳಿಗೆಯ ಕೆಳಗೆ ಕಟ್ಟಡದ ಸುತ್ತ ಒಂದು ಪಟ್ಟಿ. ಉಕ್ಕಿನ ಜಾಳಿಗೆ ಹಾಕಿ ಮೇಲೆ ಗಾರೆ ಬಳಿದು ಇದನ್ನು ಮಾಡ್ತಾರೆ, ಮೂಲೆಗಳಲ್ಲಿ ಮೇಲಿಂದ ಕೆಳಗೂ ಇಳಿಸ್ತಾರೆ. ಪಟ್ಟಿ ಎಲ್ಲೂ ತುಂಡಾಗಬಾರದು. ಚಂದದ ಕಲ್ಲಿನ ಮುಖ ಮುಚ್ಚಬಾರದು ಅನ್ನುವ ಹಳೆ ಕಟ್ಟಡಕ್ಕೆ ಇನ್ನೊಂದು ಉಪಾಯ ಇದೆ. ಎದುರುಬದುರು ಗೋಡೆಗಳ ನಡುವೆ ಉಕ್ಕಿನ ಸಳಿ ಎಳೆದು, ಹೊರಗೆ ಬಿಲ್ಲೆ ಇಟ್ಟು ನಟ್ಟು ಬಿಗಿಯೋದು. ಇಟಲಿಯ ಹಳೆ ಊರುಗಳಲ್ಲಿ ಶತಮಾನಗಳಿಂದ ಹೀಗೇ ಮಾಡಿಕೊಂಡು ಬಂದಿದ್ದಾರೆ, ಗೋಡೆಯ ಹೊರಗೆ ಆ ಕಬ್ಬಿಣದ ಬಿಲ್ಲೆಗಳು ಕಾಣ್ತವೆ.

ಐದು, ಮಾಳಿಗೆಯನ್ನೂ ಗೋಡೆಯನ್ನೂ ಒಂದು ಮಾಡಿ. ಜಂತಿ ಗೋಡೆಯ ಮೇಲೆ ಸುಮ್ಮನೆ ಕೂತಿದ್ದರೆ ಅಲ್ಲಾಡಿದಾಗ ಜಾರುತ್ತೆ. ಉಕ್ಕಿನ ಪಟ್ಟಿಯಿಂದ ಗೋಡೆಗೆ ಬಿಗೀಬೇಕು. ಕಂಬ ತೊಲೆ ಕೂಡುವ ಕಡೆ ಎರಡೂ ಬದಿಗೆ ಓರೆ ಆಸರೆ ಕೊಡಬೇಕು. ಕಂಬದ ಬುಡ ಗೆದ್ದಲು ತಿಂದಿದೆಯಾ ಅಂತ ನೋಡಬೇಕು. ಮನೆಯ ಅಂಕಣ ಗಟ್ಟಿ ಇದ್ದರೆ ಮನೆಯವರ ಜೀವ ಗಟ್ಟಿ.

ಇನ್ನು ಮಾಡಬಾರದ್ದು. ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ, ಯಾಕಂದರೆ ನಮ್ಮಲ್ಲಿ ಒಳ್ಳೆ ಮನಸ್ಸಿನಿಂದಲೇ ಕಟ್ಟಡ ಕೆಡ್ತಾ ಇವೆ. ಹಳೆ ಕಲ್ಲುಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಬೇಡಿ. ದೇಣಿಗೆ ಬಂತು ಅಂತ ಮೇಲೊಂದು ಮಹಡಿ ಎಬ್ಬಿಸಬೇಡಿ. ನೀರಿನ ಟಾಕಿ ಕೂರಿಸಬೇಡಿ. ಬೆಳಕು ಬರಲಿ ಅಂತ ಮೂಲೆಯ ಹತ್ತಿರ ಹೊಸ ಕಿಟಕಿ ಒಡೀಬೇಡಿ. ಅಡ್ಡ ಬರುತ್ತೆ ಅಂತ ನಡುವಿನ ಕಂಬ ತೆಗೀಬೇಡಿ. ಸೀಳನ್ನು ಸಿಮೆಂಟ್ ಬಳಿದು ಬಣ್ಣ ಹಚ್ಚಿ ಮುಚ್ಚಬೇಡಿ, ಅದು ಜ್ವರಕ್ಕೆ ಪೌಡರ್ ಹಚ್ಚಿದ ಹಾಗೆ. ಸುಣ್ಣದ ಗಚ್ಚಿನಿಂದ ಕಟ್ಟಿದ ಗುಡಿ, ಮಠಗಳಿಗೆ ಸಂದು ತುಂಬಲು ಸುಣ್ಣದ ಗಾರೆಯೇ ಬೇಕು. ಸಿಮೆಂಟ್ ಹಳೆ ಗಾರೆಗಿಂತ ಬಹಳ ಗಡಸು, ಒಳಗಿನ ತೇವ ಹೊರಗೆ ಹೋಗೋಕೆ ಬಿಡೋದಿಲ್ಲ, ಕೊನೆಗೆ ಪಕ್ಕದ ಕಲ್ಲೇ ಪುಡಿ ಆಗುತ್ತೆ.

ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕ ಆದರೆ ನಾವು ಕೈ ಹಚ್ಚಲೇಬಾರದು. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಅಲ್ಲಿ ನಮ್ಮ ಕೆಲಸ ಅರ್ಜಿ ಬರೆಯೋದು.

ಇದೆಲ್ಲ ಮಾಡಿದರೆ ನಿಜವಾಗಲೂ ನಿಲ್ಲುತ್ತಾ ಅಂತ ಕೇಳಬಹುದು. ನೇಪಾಳದ ಉದಾಹರಣೆ ನೋಡಿ. 2015ರ ಏಪ್ರಿಲ್ 25ರಂದು ಅಲ್ಲಿ 7.8 ಪ್ರಮಾಣದ ಭೂಕಂಪ ಆಯ್ತು. ಸಾವಿರಾರು ಶಾಲಾ ಕೋಣೆಗಳು ಬಿದ್ದವು. ಅದು ಶನಿವಾರ, ಶಾಲೆಗೆ ರಜೆ, ಮಕ್ಕಳು ಬದುಕಿದರು. ಆದರೆ ಕಾಠ್ಮಂಡು ಕಣಿವೆಯಲ್ಲಿ ಮುಂಚೆಯೇ ಗಟ್ಟಿ ಮಾಡಿದ್ದ ಸುಮಾರು 160 ಸರಕಾರಿ ಶಾಲೆಗಳು ನಿಂತವು. ಅವನ್ನು ಊರಿನ ಗೌಂಡಿಗಳಿಗೇ ತರಬೇತಿ ಕೊಟ್ಟು ಗಟ್ಟಿ ಮಾಡಿಸಿದ್ದರು.

ತಲೆಭಾರದ ಮಾತಿಗೂ ಒಂದು ದೊಡ್ಡ ಸಾಕ್ಷಿ ಇದೆ. ಇಟಲಿಯ ಅಸಿಸಿಯಲ್ಲಿ ಸಂತ ಫ್ರಾನ್ಸಿಸರ ಬಸಿಲಿಕಾ ಇದೆ, ಏಳುನೂರು ವರ್ಷಕ್ಕೂ ಹಳೆಯದು. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಅದರ ಕಮಾನು ಚಾವಣಿಯ ಭಾಗ ಕುಸಿದು ನಾಲ್ಕು ಜನ ಸತ್ತರು. ಕಮಾನಿನ ಮೇಲೆ ಕಾಲಕಾಲಕ್ಕೆ ಸೇರಿಕೊಂಡಿದ್ದ ರಬಲು, ಮಣ್ಣಿನ ಭಾರ ಅದಕ್ಕೆ ಒಂದು ಕಾರಣ ಅಂತ ಎಂಜಿನಿಯರುಗಳು ಗುರುತಿಸಿದರು. ಆ ಭಾರ ತೆಗೆದು, ಮೇಲ್ಬದಿಯಿಂದ ಹೊಸ ಪಟ್ಟಿಗಳ ಆಸರೆ ಕೊಟ್ಟು, 1999ರಲ್ಲಿ ಮತ್ತೆ ತೆರೆದರು. ಕೆಳಗಿನಿಂದ ನೋಡಿದರೆ ಏನೂ ಕಾಣೋದಿಲ್ಲ. ನಮ್ಮ ಅಜ್ಜಂದಿರ ಮೇಲ್ಮುದ್ದಿ, ಅವರ ಕಮಾನಿನ ಮೇಲಿನ ರಬಲು, ರೋಗ ಒಂದೇ.

ಬೇರೆ ಗಡಿ ತಾಲೂಕಿನ ಗೆಳೆಯರೂ ಇದನ್ನು ಓದ್ತಾ ಇದ್ದೀರಿ. ಕಿಲ್ಲಾರಿ ಸೀಮೆ 1993ರ ತನಕ ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಮೊದಲ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ಬದಲಾದಾಗ ಮೂರನೇ ವಲಯಕ್ಕೆ ಬಂತು, ಮೊದಲ ವಲಯವನ್ನೇ ತೆಗೆದುಹಾಕಿದರು. ಅದೇ ನಕ್ಷೆಯಲ್ಲಿ ಸೊಲ್ಲಾಪುರ, ಗೋವಾ, ಕಾಸರಗೋಡು ಸೇರಿ ಇಡೀ ಕೇರಳ ಮೂರನೇ ವಲಯ. ಹಾಗಾಗಿ 'ನಮ್ಮ ಕಡೆ ಭೂಕಂಪ ಆಗೋದಿಲ್ಲ' ಅನ್ನೋ ಮಾತನ್ನು ಬಿಡೋಣ. ಕಿಲ್ಲಾರಿಯವರೂ ಅದನ್ನೇ ನಂಬಿದ್ದರು. ಕಾಸರಗೋಡಿನ ಕಡೆ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಅಲ್ಲಿ ಮಣ್ಣಿನ ಭಾರ ಇಲ್ಲ, ಆದರೆ ಮಾಡಿನ ಎರಡು ತುದಿಗೆ ಎದ್ದು ನಿಂತ ಮುಕ್ಕೋನದ ಗೋಡೆಯನ್ನು ಯಾರೂ ಹಿಡಿದಿರೋದಿಲ್ಲ. ಮೊದಲು ಬೀಳೋದು ಅದೇ. ಅದನ್ನು ಮಾಡಿನ ಮರಕ್ಕೆ ಬಿಗೀಬೇಕು. ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಕಲ್ಲಿನ ಮನೆಗಳಿಗೆ ಇಲ್ಲಿನ ಪಾಠವೇ ಪಾಠ.

ಇನ್ನು ದುಡ್ಡಿನ ಮಾತು. ಬ್ಯಾಂಕಿನವನು, ಅದನ್ನು ಬಿಡೋಕಾಗಲ್ಲ. ಕಾಮರ್ಸಿನಲ್ಲಿ ಸವಕಳಿ ಅಂತ ಒಂದು ಪಾಠ ಇದೆ. ಆಸ್ತಿಯ ಬೆಲೆ ವರ್ಷ ವರ್ಷ ಪುಸ್ತಕದಲ್ಲಿ ಇಳಿಸುತ್ತಾ ಹೋಗೋದು. ಹಳೆ ವಾಡೆಯ ಮೌಲ್ಯಮಾಪನ ಬಂದಾಗ ಜಾಗಕ್ಕೆ ಬೆಲೆ ಇರುತ್ತೆ, ಕಟ್ಟಡಕ್ಕೆ ಹೆಚ್ಚುಕಡಿಮೆ ಸೊನ್ನೆ. ಅದನ್ನು ಓದಿದ ಮನೆಯವರು 'ಸೊನ್ನೆ ಬೆಲೆದು ಯಾಕ ಇಟ್ಕೋಬೇಕು' ಅಂತಾರೆ. ಆದರೆ ಪುಸ್ತಕದ ಸವಕಳಿ ಬೇರೆ, ಗೋಡೆಯ ಸವಕಳಿ ಬೇರೆ. ನೋಡಿಕೊಂಡ ಕಲ್ಲುಗೋಡೆ ಪುಸ್ತಕದಲ್ಲಿ ಸೊನ್ನೆ ಆದ ಮೇಲೂ ಮೂರು ತಲೆಮಾರು ನಿಲ್ಲುತ್ತೆ. ಕೆಡವಿ ಹೊಸದು ಕಟ್ಟೋಣ ಅನ್ನುವವರು ಒಂದು ಸಲ ಎರಡೂ ಅಂದಾಜು ಪಟ್ಟಿ ಮಾಡಿಸಲಿ, ಗಟ್ಟಿ ಮಾಡುವ ಖರ್ಚು ಒಂದು ಕಡೆ, ಹೊಸದಾಗಿ ಕಟ್ಟುವ ಖರ್ಚು ಒಂದು ಕಡೆ. ಆಮೇಲೆ ನಿರ್ಧಾರ ಮಾಡಲಿ. ಕೆಲವು ಕಟ್ಟಡ ಉಳಿಸೋಕಾಗದ ಸ್ಥಿತಿಯಲ್ಲಿರ್ತವೆ, ಅವನ್ನು ಬಿಡಲೇಬೇಕು. ಮಕ್ಕಳ ಜೀವಕ್ಕಿಂತ ಯಾವ ಹಳೆ ಗೋಡೆಯೂ ದೊಡ್ಡದಲ್ಲ. ಆದರೆ ಆ ಮಾತು ಲೆಕ್ಕ ನೋಡಿದ ಮೇಲೆ ಬರಬೇಕು, ನೋಡುವ ಮೊದಲೇ ಅಲ್ಲ.

ಕೊನೆಯದಾಗಿ, ನಮ್ಮ ಕೈಲಿ ಆಗುವ ಕೆಲಸ.

ನಿಮ್ಮೂರಿನ ಶಾಲೆ, ಮಠ, ಗುಡಿ, ವಾಡೆ, ಯಾವುದಾದರೂ ಒಂದೇ ಒಂದು ಹಳೆ ಕಲ್ಲಿನ ಕಟ್ಟಡ ಆರಿಸಿಕೊಳ್ಳಿ. ಮೊಬೈಲಿನಲ್ಲಿ ನಾಲ್ಕೂ ಗೋಡೆಯ ಫೋಟೋ ತೆಗೀರಿ, ಒಳಗಿನಿಂದಲೂ. ಮೂಲೆಯಲ್ಲಿ ಸೀಳು ಇದೆಯಾ ನೋಡಿ. ಗೋಡೆಗೆ ಕಣ್ಣು ಹಚ್ಚಿ ಉದ್ದಕ್ಕೆ ನೋಡಿದರೆ ಹೊಟ್ಟೆ ಬಿಟ್ಟದ್ದು ಗೊತ್ತಾಗುತ್ತೆ. ದಾರಕ್ಕೆ ಕಲ್ಲು ಕಟ್ಟಿ ಮೇಲಿಂದ ಇಳಿಬಿಟ್ಟರೆ ವಾಲಿದ್ದು ಗೊತ್ತಾಗುತ್ತೆ. ಮೇಲ್ಮುದ್ದಿ ಎಷ್ಟು ದಪ್ಪ ಅಂತ ಅಂಚಿನಲ್ಲಿ ಅಳೆಯಿರಿ. ಸೀಳಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೀರಿ. ಮೂರು ತಿಂಗಳ ಮೇಲೆ ಗೆರೆ ದಾಟಿದ್ದರೆ ಗೋಡೆ ಇನ್ನೂ ಚಲಿಸ್ತಾ ಇದೆ, ತಡ ಮಾಡಬಾರದು. ಶಾಸನದ ಕಲ್ಲು ಕಂಡರೆ ಸುಣ್ಣ ಬಳಿಯೋಕೆ ಬಿಡಬೇಡಿ, ಫೋಟೋ ತೆಗೆದು ಇಡಿ.

ಶಾಲೆ ಆದರೆ ಇನ್ನೊಂದು ದಾರಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಸರಕಾರಿ ಶಾಲೆಗೆ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ 75 ಜನ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರ ಆ ಸಮಿತಿಗೇ ಇದೆ. ಅದು ನಮ್ಮ ಅಕ್ಕ, ಅತ್ತಿಗೆಯರ ಸಮಿತಿ. ಆ ಯೋಜನೆಯಲ್ಲಿ ಎರಡು ಸಾಲು ಬರೆಸಿ: 'ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕು. ಕೆಡವುವ ಮೊದಲು ಗಟ್ಟಿ ಮಾಡುವ ಅಂದಾಜು ಪಟ್ಟಿ ಕೊಡಬೇಕು.' ಫೋಟೋ ಹಚ್ಚಿ ಜಿಲ್ಲಾ ಪರಿಷತ್ತಿನ ಬಾಂಧಕಾಮ ವಿಭಾಗಕ್ಕೆ ಕೊಡಿ, ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಳ್ಳಿ. 'ಅಪಾಯಕಾರಿ' ಅನ್ನೋ ಕಾಗದ ಬರೋದಕ್ಕೆ ಮುಂಚೆ ನಮ್ಮ ಕಾಗದ ಹೋಗಿರಬೇಕು. ಅಕಸ್ಮಾತ್ ಮಕ್ಕಳನ್ನು ಬೇರೆ ಕಡೆ ಕೂರಿಸಲೇಬೇಕಾದರೆ, ಕನ್ನಡ ಶಾಲೆ ಅನ್ನೋ ಹೆಸರಲ್ಲೇ, ಕನ್ನಡ ಹಾಜರಿ ಪುಸ್ತಕದಲ್ಲೇ ಕೂರಿಸಬೇಕು, ಎಷ್ಟು ತಿಂಗಳು ಅಂತ ಬರೆದು ಕೊಡಬೇಕು ಅಂತ ಕೇಳಿ.

ನಿಮ್ಮೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದ್ತಾ ಇರುವ ಹುಡುಗ ಹುಡುಗಿ ಇದ್ದಾರಲ್ಲ, ಅವರಿಗೆ ಹೇಳಿ: ಕೊನೆಯ ವರ್ಷದ ಪ್ರಾಜೆಕ್ಟಿಗೆ ಬೇರೆ ಕಡೆ ಹುಡುಕಬೇಡಿ, ನಮ್ಮ ಶಾಲೆಯನ್ನೇ ತಗೊಳ್ಳಿ. ವಯಸ್ಸಾದ ಗೌಂಡಿಗಳು, ಕಲ್ಲು ಒಡೆಯುವ ವಡ್ಡರ ಹಿರಿಯರು ಇನ್ನೂ ಇದ್ದಾರೆ. ಸುಣ್ಣ ಎಷ್ಟು ದಿನ ನೆನೆಸಬೇಕು, ಕಲ್ಲಿನ ಮುಖ ಯಾವುದು, ಬೆನ್ನು ಯಾವುದು ಅಂತ ಅವರಿಗೆ ಗೊತ್ತು. ಆ ಮಾತುಗಳೆಲ್ಲ ಕನ್ನಡದಲ್ಲಿವೆ. ಅವರು ಇರುವಾಗಲೇ ಪಕ್ಕದಲ್ಲಿ ಕೂತು ಬರೆದುಕೊಳ್ಳಿ, ಆಗುವುದಾದರೆ ವಿಡಿಯೋ ಮಾಡಿಕೊಳ್ಳಿ.

ಫೋಟೋಗಳನ್ನು ಈ ಪುಟಕ್ಕೂ ಕಳಿಸಿ. ಊರು, ತಾಲೂಕು, ಕಟ್ಟಡ ಯಾವುದು, ಸೀಳು ಎಲ್ಲಿ, ಇಷ್ಟು ಬರೆದರೆ ಸಾಕು. ಗಡಿಯ ಎಲ್ಲ ತಾಲೂಕಿನ ಒಂದು ಪಟ್ಟಿ ಆದರೆ ಮನವಿಗೆ ತೂಕ ಬರುತ್ತೆ.

ಮುಂದಿನ ಮಳೆಗಾಲದೊಳಗೆ ಊರಿಗೊಂದು ದೋಣಿ ಸರಿ ಆಗಲಿ, ಊರಿಗೊಂದು ಮಾಳಿಗೆಯ ಭಾರ ಇಳಿಯಲಿ. ಅಷ್ಟರಿಂದ ಶುರು ಮಾಡೋಣ.

ಸಿರಿಗನ್ನಡಂ ಗೆಲ್ಗೆ.